ಕೋಬೆಯಿಂದ ತಿಯಾಂಜಿನ್‌ಗೆ, ಬೆಂಗಳೂರಿನಿಂದ ಚೆಂಗ್ಡುಗೆ



ನಮ್ಮ ಬೆಂಗಳೂರಿಗೆ ಚೀನಾದಲ್ಲೊಂದು ಸೋದರಿ ನಗರವಿದೆ, ಸಿಚುವಾನ್ ಪ್ರಾಂತ್ಯದ ರಾಜಧಾನಿ ಚೆಂಗ್ಡು. 2013ರ ಅಕ್ಟೋಬರ್‌ನಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಬೀಜಿಂಗ್‌ಗೆ ಹೋಗಿದ್ದಾಗ ಈ ನಂಟು ಕೂಡಿತು. ಅದೇ ಸಲ ದೆಹಲಿಗೆ ಬೀಜಿಂಗ್, ಕೋಲ್ಕತ್ತಾಕ್ಕೆ ಕುನ್ಮಿಂಗ್ ಜೊತೆಯಾದವು. 2015ರ ಮೇ ತಿಂಗಳಲ್ಲಿ ಕರ್ನಾಟಕ ಮತ್ತು ಸಿಚುವಾನ್ ಕೂಡ ಕೈಜೋಡಿಸಿದವು. ಇದರ ಫಲ ನಮಗೆಷ್ಟು ಸಿಕ್ಕಿದೆ ಎಂದು ಕೇಳುವ ಮೊದಲು, ಚೀನಾದಲ್ಲಿ ಈ ಸಂಪ್ರದಾಯ ಹುಟ್ಟಿದ ಬಗೆಯನ್ನು ನೋಡೋಣ.

ಎರಡನೇ ಮಹಾಯುದ್ಧದ ನಡುವೆ, 1944ರಲ್ಲಿ, ಬಾಂಬಿಗೆ ಸಿಕ್ಕಿ ನಲುಗಿದ್ದ ಇಂಗ್ಲೆಂಡಿನ ಕವೆಂಟ್ರಿ ತನ್ನಂತೆಯೇ ಪಾಳುಬಿದ್ದಿದ್ದ ಸ್ಟಾಲಿನ್‌ಗ್ರಾಡ್ ಜೊತೆ ನಂಟು ಬೆಳೆಸಿತ್ತು. ಚೀನಾ ಈ ದಾರಿಗೆ ಬಂದದ್ದು ಬಹಳ ತಡವಾಗಿ, ಅದೂ ತನ್ನ ಮೇಲೆ ಯುದ್ಧ ಹೂಡಿದ್ದ ಜಪಾನಿನ ಜೊತೆಗೆ.

1972ರ ಸೆಪ್ಟೆಂಬರ್‌ನಲ್ಲಿ ಎರಡೂ ದೇಶಗಳ ರಾಜತಾಂತ್ರಿಕ ಸಂಬಂಧ ಮತ್ತೆ ಕುದುರಿತು. ಆ ವರ್ಷ ಜಪಾನಿನ ಕೋಬೆ ನಗರದ ಮೇಯರ್ ತತ್ಸುವೊ ಮಿಯಾಜಾಕಿ ಚೀನಾಕ್ಕೆ ಹೋದರು. ಅವರ ಜೊತೆಗಿದ್ದವರು ಈಜುಪಟುಗಳಾದ ಎಳೆಯರು. ಒಂದು ಪೀಳಿಗೆಯ ಹಿಂದಷ್ಟೇ ಸೈನ್ಯ ಬಂದಿಳಿದ ದೇಶಕ್ಕೆ ಈಗ ಈಜುವ ಮಕ್ಕಳು! ಕೋಬೆ ಮತ್ತು ಚೀನಾದ ತಿಯಾಂಜಿನ್, ಈ ಎರಡೂ ಊರುಗಳ ಪರಿಚಯ ಚೀನಾದ ಪ್ರಧಾನಿ ಚೌ ಎನ್‌ಲೈ ಅವರಿಗಿತ್ತು: ಹುಡುಗರಾಗಿ ಓದಿದ್ದು ತಿಯಾಂಜಿನ್‌ನಲ್ಲಿ, 1919ರಲ್ಲಿ ಜಪಾನಿನಿಂದ ತಾಯ್ನಾಡಿಗೆ ಹಡಗು ಹತ್ತಿದ್ದು ಕೋಬೆಯಲ್ಲಿ. 1973ರ ಜೂನ್ 24ರಂದು ಎರಡೂ ನಗರಗಳು ಸೋದರಿಯರಾದವು. ಚೀನಾದ ಯಾವ ನಗರಕ್ಕೂ ಅದಕ್ಕೆ ಮೊದಲು ಹೊರದೇಶದ ಇಂಥ ನಂಟು ಇರಲಿಲ್ಲ.

ನನಗೆ ಹೆಚ್ಚು ಹಿಡಿಸುವುದು ಸಹಿಯ ನಂತರದ ಕಥೆ. ಎರಡೂ ಬಂದರು ನಗರಗಳು. ಗುಡ್ಡದ ಮಣ್ಣನ್ನು ಸಮುದ್ರಕ್ಕೆ ಸುರಿದು ಹೊಸ ದ್ವೀಪವನ್ನೇ ಕಟ್ಟಿದ್ದ ಕೋಬೆ, 1981ರಲ್ಲಿ ಅಲ್ಲಿಯೇ ಪೋರ್ಟೋಪಿಯಾ ಎಂಬ ದೊಡ್ಡ ಪ್ರದರ್ಶನ ಏರ್ಪಡಿಸಿತು. ತಿಯಾಂಜಿನ್ ತನ್ನ ಮೃಗಾಲಯದ ಎರಡು ಪಾಂಡಾಗಳನ್ನು ಅದಕ್ಕೆ ಕಳಿಸಿಕೊಟ್ಟಿತು. ಕೋಬೆಯ ಬಂದರು ತಜ್ಞರು ಆ ದಶಕದಲ್ಲಿ ತಿಯಾಂಜಿನ್‌ಗೆ ಸಲಹೆಗಾರರಾಗಿ ಹೋದರು. ಕೆಲಸ ಬಲ್ಲವರೇ ಹೋದದ್ದರಿಂದ ಆ ನಂಟು ಉಳಿಯಿತು ಎಂಬುದು ನನ್ನ ದೃಢ ನಂಬಿಕೆ.

ಅಮೆರಿಕದ ಸೇಂಟ್ ಲೂಯಿಸ್ ಮತ್ತು ಚೀನಾದ ನಾನ್‌ಜಿಂಗ್ 1979ರಲ್ಲಿ ಜೊತೆಯಾದವು. ಆಮೇಲೆ ಇಂಥ ಒಪ್ಪಂದಗಳು ಲೆಕ್ಕವಿಲ್ಲದಷ್ಟು ಬಂದವು.

ಇನ್ನು ನಮ್ಮ ವಿಷಯ. 2020ರಲ್ಲಿ ಗಾಲ್ವಾನ್ ಕಣಿವೆಯಲ್ಲಿ ಚೀನಾ ಸೈನಿಕರೊಂದಿಗಿನ ಘರ್ಷಣೆಯಲ್ಲಿ ನಮ್ಮ 20 ಯೋಧರು ಪ್ರಾಣ ಕೊಟ್ಟರು. ಆ ನೋವನ್ನು ಮರೆತು ಮಾತಾಡುವುದು ಸಲ್ಲದು. ಸಾಂಕ್ರಾಮಿಕದ ಕಾಲದಲ್ಲಿ ನಿಂತ ಎರಡೂ ದೇಶಗಳ ನಡುವಿನ ನೇರ ವಿಮಾನಗಳು ಮತ್ತೆ ಹಾರಿದ್ದು 2025ರ ಅಕ್ಟೋಬರ್‌ನಲ್ಲಿ. ಗಡಿಯಲ್ಲಿ ಎಚ್ಚರವಾಗಿದ್ದುಕೊಂಡೇ ಕಲಿಯಬೇಕಾದ್ದನ್ನು ಕಲಿಯಬಹುದು. ಒಂದನ್ನೇ ಹೇಳುತ್ತೇನೆ. ಚೆಂಗ್ಡುವಿನ ಮೊದಲ ಮೆಟ್ರೊ ಓಡಿದ್ದು 2010ರ ಸೆಪ್ಟೆಂಬರ್‌ನಲ್ಲಿ, ನಮ್ಮದು 2011ರ ಅಕ್ಟೋಬರ್‌ನಲ್ಲಿ. ನಡುವೆ ಒಂದೇ ವರ್ಷದ ಅಂತರ. 2020 ಮುಗಿಯುವಾಗ ಅವರ ಮಾರ್ಗ 500 ಕಿಲೋಮೀಟರ್ ದಾಟಿತ್ತು. 2025ರಲ್ಲಿ ಹಳದಿ ಮಾರ್ಗ ಸೇರಿದ ಮೇಲೂ ನಮ್ಮದು 100 ಮುಟ್ಟಿರಲಿಲ್ಲ. ಆಡಳಿತ ಪದ್ಧತಿ ಬೇರೆ, ಭೂಸ್ವಾಧೀನದ ಕಾನೂನು ಬೇರೆ, ನಿಜ. ಆದರೂ ಸುರಂಗ ಕೊರೆಯುವ ವೇಗ, ನಿಲ್ದಾಣದಿಂದ ಮನೆಗೆ ತಲುಪಿಸುವ ಬಸ್ಸಿನ ವ್ಯವಸ್ಥೆ, ಇವನ್ನು ಕಣ್ಣಾರೆ ಕಂಡು ಕೇಳಿ ತಿಳಿಯಬಹುದಲ್ಲವೇ? ಚೆಂಗ್ಡುಗೆ ಹೊರಡುವ ಮುಂದಿನ ನಿಯೋಗದಲ್ಲಿ ಮೇಯರ್, ಆಯುಕ್ತರ ಜೊತೆಗೆ ಸುರಂಗದ ಕೆಲಸ ನೋಡಿಕೊಳ್ಳುವ ಇಂಜಿನಿಯರುಗಳೂ ಬಸ್ಸಿನ ವೇಳಾಪಟ್ಟಿ ಹಾಕುವವರೂ ಇರಲಿ. ಮೂರು ದಿನ ನೋಡಿ ಬರುವ ಬದಲು, ಅವರು ಅಲ್ಲಿ ಕೆಲವು ತಿಂಗಳಾದರೂ ಇದ್ದು ಬರಲಿ.