ಗೋಡೆಯ ಮೇಲೆ ಬೆಳಕಿನ ಸೀರೆ

ಮಕ್ಕಳೇ, ಹಗ್ಗದಲ್ಲಿ ಒಣಗಲು ಹಾಕಿದ ಬೈರಾಸನ್ನು ಒಮ್ಮೆ ಕೈಗೆ ತೆಗೆದುಕೊಳ್ಳಿ. ಕೆಂಪು–ಬಿಳಿ ಚೌಕುಳಿಯದ್ದಾದರೆ ಇನ್ನೂ ಒಳ್ಳೆಯದು. ಭೂತಗನ್ನಡಿ ಹಿಡಿದು ನೋಡಿ. ಉದ್ದಕ್ಕೆ ಹೋದ ಎಳೆಗಳು ಹಾಸು, ಅಡ್ಡಕ್ಕೆ ಬಂದವು ಹೊಕ್ಕು. ಕೆಂಪು ಹಾಸಿನ ಎಳೆಗೆ ಕೆಂಪು ಹೊಕ್ಕು ಸಿಕ್ಕಲ್ಲಿ ಅಚ್ಚ ಕೆಂಪು. ಬಿಳಿಗೆ ಬಿಳಿ ಸಿಕ್ಕಲ್ಲಿ ಬಿಳಿ. ಕೆಂಪು ಮತ್ತು ಬಿಳಿ ಸೇರಿದ ಚೌಕ ಮಾತ್ರ ತಿಳಿಗೆಂಪು. ಆ ತಿಳಿಗೆಂಪು ಬಣ್ಣದ ನೂಲು ಇಡೀ ಬೈರಾಸಿನಲ್ಲಿ ಒಂದೂ ಇಲ್ಲ! ಸಣ್ಣ ಸಣ್ಣ ಕೆಂಪು ಚುಕ್ಕಿ, ಬಿಳಿ ಚುಕ್ಕಿಗಳು ಒತ್ತೊತ್ತಾಗಿ ಕೂತಿವೆ. ಅವುಗಳನ್ನು ಕಲಸಿ ಹೊಸ ಬಣ್ಣ ಮಾಡಿದ್ದು ನಿಮ್ಮ ಕಣ್ಣು.

ಈಗ ಶಾಲೆಯ ಪ್ರೊಜೆಕ್ಟರ್ ಬಿಡುವ ಚಿತ್ರದ ಹತ್ತಿರ ಹೋಗಿ ನೋಡಿ. ಅದೂ ಚುಕ್ಕಿಗಳದ್ದೇ ರಾಶಿ. ಒಂದೊಂದು ಚುಕ್ಕಿಗೂ ಪಿಕ್ಸೆಲ್ ಎಂದು ಹೆಸರು. ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳಿರುವ ಪ್ರೊಜೆಕ್ಟರ್‌ನಲ್ಲಿ ಒಟ್ಟು 20,73,600 ಚುಕ್ಕಿಗಳು. ಚಿತ್ರವನ್ನು ಚೌಕ ಚೌಕವಾಗಿ ಒಡೆದು ಯೋಚಿಸುವುದನ್ನು ನೇಕಾರರು ಕಂಪ್ಯೂಟರ್ ಹುಟ್ಟುವ ಎಷ್ಟೋ ಮೊದಲೇ ಕಲಿತಿದ್ದರು. ಹೂವಿನ ಬುಟ್ಟಾ ನೇಯುವಾಗ ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗುಳಿಯಬೇಕು ಎಂದು ಒಂದೊಂದು ಸಾಲಿಗೂ ಲೆಕ್ಕ ಹಾಕಲೇಬೇಕು.

ಫ್ರಾನ್ಸ್‌ನ ಲಿಯೋನ್ ರೇಷ್ಮೆಗೆ ಹೆಸರಾದ ಊರು. ಅಲ್ಲಿನ ಜೋಸೆಫ್ ಮರೀ ಜಕಾರ್ 1804ರಲ್ಲಿ ಈ ಲೆಕ್ಕವನ್ನು ರಟ್ಟಿನ ಕಾರ್ಡುಗಳಿಗೆ ಒಪ್ಪಿಸಿದರು. ತೂತು ಇದ್ದರೆ ಎಳೆ ಮೇಲೆ, ಇಲ್ಲದಿದ್ದರೆ ಕೆಳಗೆ. ತೂತಿನ ಕಾರ್ಡಿನ ಈ ಉಪಾಯವನ್ನೇ ಮುಂದೆ ಚಾರ್ಲ್ಸ್ ಬ್ಯಾಬೇಜ್ ತಮ್ಮ ಲೆಕ್ಕದ ಯಂತ್ರದ ಯೋಜನೆಗೆ ತೆಗೆದುಕೊಂಡರು. ಅದೇ ಲಿಯೋನ್‌ನಲ್ಲಿ ಈಗ ಪ್ರತಿ ಡಿಸೆಂಬರ್‌ನಲ್ಲಿ ಬೆಳಕಿನ ಹಬ್ಬ ನಡೆಯುತ್ತದೆ. ಹಳೆಯ ಕಟ್ಟಡಗಳ ಗೋಡೆಯ ತುಂಬ ಬೆಳಕಿನ ಚಿತ್ರಗಳು ಓಡಾಡುತ್ತವೆ.

ನಮ್ಮ ಕಡೆಯ ಬಟ್ಟೆಗೂ ಅಂಥ ಹಬ್ಬ ಬೇಡವೇ? ಪುತ್ತೂರು, ಸುಳ್ಯ, ಕಡಬ ಅಡಿಕೆಯ ಸೀಮೆ. ಮಗ್ಗದ ಊರುಗಳು ಸುತ್ತಲೂ ಇವೆ. ಉತ್ತರಕ್ಕೆ ಹೋದರೆ ಉಡುಪಿ ಸೀರೆ. ಅದಕ್ಕೆ 2016ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು. ಗಡಿಯಾಚೆ ಕಾಸರಗೋಡು ಸೀರೆ. ಅದಕ್ಕೆ 2010ರಲ್ಲೇ ಸಿಕ್ಕಿದೆ. ಎರಡೂ ಹತ್ತಿಯವು, ಕೈಮಗ್ಗದವು. ಹತ್ತಿ ನೂಲು ಎಷ್ಟು ಸಪೂರ ಎಂದು ಹೇಳುವುದಕ್ಕೆ ನಂಬರ್ ಇದೆ. 80ನೇ ನಂಬರಿನ ನೂಲು ಒಂದು ಪೌಂಡ್ ಇದ್ದರೆ, ಅಂದರೆ ಅರ್ಧ ಕಿಲೋಗೂ ಕಡಿಮೆ, ಅದರ ಉದ್ದ ಸುಮಾರು 61 ಕಿಲೋಮೀಟರ್! ಪುತ್ತೂರಿನಿಂದ ಬಿಚ್ಚುತ್ತಾ ಹೋದರೆ ಮಂಗಳೂರು ದಾಟಿಯೂ ಉಳಿಯುತ್ತದೆ.

ಇನ್ನೊಂದು ಲೆಕ್ಕ ಮಾಡೋಣ. ಇಂಚಿಗೆ 60 ಎಳೆ ಎಂದಿಟ್ಟುಕೊಂಡರೂ 46 ಇಂಚು ಅಗಲದ ಸೀರೆಗೆ 2760 ಹಾಸಿನ ಎಳೆ ಬೇಕು. ಪ್ರೊಜೆಕ್ಟರ್‌ನಲ್ಲಿ ಅಡ್ಡಕ್ಕೆ ಇರುವುದು 1920 ಚುಕ್ಕಿ ಮಾತ್ರ. ಸೀರೆಯ ಪೂರ್ತಿ ಅಗಲವನ್ನು ಒಂದೇ ಸಲ ಗೋಡೆಗೆ ಬಿಟ್ಟರೆ ಎಳೆಗಳು ಕಲಸಿಹೋಗುತ್ತವೆ. ಅಂಚಿನ ಒಂದು ತುಂಡು, ಇಲ್ಲವೇ ಒಂದೇ ಒಂದು ಬುಟ್ಟಾ ಆರಿಸಿಕೊಂಡರೆ ಹಾಸು ಹೊಕ್ಕು ಎರಡೂ ಎಣಿಸುವಷ್ಟು ಸ್ಪಷ್ಟವಾಗಿ ಮೂಡುತ್ತವೆ.

ಬಟ್ಟೆಗೂ ಬೆಳಕಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಅದನ್ನು ತಿಳಿಯಲು ಅಡಿಕೆ ಸಾಕು. ಎಳೆ ಅಡಿಕೆಯ ರಸ ಅಂಗಿಗೆ ತಾಗಿದರೆ ಕಲೆ ಹೋಗುವುದಿಲ್ಲ ಎಂದು ನಿಮಗೆ ಗೊತ್ತು. ಅದರಲ್ಲಿರುವ ಟ್ಯಾನಿನ್ ಹತ್ತಿಯ ನಾರಿಗೆ ಅಂಟಿಕೊಳ್ಳುತ್ತದೆ. ನಮ್ಮಲ್ಲಿ ಹೆಚ್ಚಾಗಿ ಹಣ್ಣಡಿಕೆ ಒಣಗಿಸಿ ಚಾಲಿ ಮಾಡುತ್ತಾರೆ. ಎಳೆ ಅಡಿಕೆ ಬೇಯಿಸುವ ಮಲೆನಾಡಿನಲ್ಲಿ ಕೆಂಗಂದು ಬಣ್ಣದ ಚೊಗರು ಎಂಬ ರಸ ಸಿಗುತ್ತದೆ. ಕಾರ್ಕಳದ ಕದಿಕೆ ಟ್ರಸ್ಟ್ ಮತ್ತು ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸೊಸೈಟಿ ಸೇರಿ ಇದೇ ಚೊಗರನ್ನು ಉಡುಪಿ ಸೀರೆಯ ನೂಲಿಗೆ ಬಣ್ಣವಾಗಿ ತಂದವು.

ಚೊಗರು ಹಾಕಿದ ನೂಲಿನ ಮೇಲೆ ಬಿಸಿಲು ಬಿದ್ದಾಗ ನೀಲಿ, ಹಸಿರು ಬೆಳಕನ್ನು ಅದು ಹೆಚ್ಚಾಗಿ ಹೀರಿಕೊಂಡು ಕೆಂಪನ್ನು ಹಿಂದಕ್ಕೆ ಕೊಡುತ್ತದೆ. ಬಟ್ಟೆಯ ಬಣ್ಣ ಬೆಳಕನ್ನು ಕಳೆದು ಉಳಿದದ್ದು. ಪ್ರೊಜೆಕ್ಟರ್‌ನದು ಕೂಡುವ ಲೆಕ್ಕ. ಕೆಂಪು, ಹಸಿರು, ನೀಲಿ ಬೆಳಕು ಮೂರೂ ಸೇರಿದರೆ ಬಿಳಿ. ಮೂರು ಟಾರ್ಚಿಗೆ ಮೂರು ಬಣ್ಣದ ಹಾಳೆ ಸುತ್ತಿ ಒಂದೇ ಕಡೆ ಬಿಟ್ಟು ನೋಡಿ, ಬಿಳಿಯ ಹತ್ತಿರ ಬರುತ್ತದೆ. ಅದೇ ಮೂರು ಬಣ್ಣದ ಪೇಂಟ್ ಕಲಸಿದರೆ ಮಂಕು ಕಂದು!

ಇನ್ನು ಗೋಡೆ. ಸುಣ್ಣ ಬಳಿದ ಬಿಳಿ ಗೋಡೆ ಎಲ್ಲ ಬಣ್ಣವನ್ನೂ ಹಿಂದಕ್ಕೆ ಕೊಡುತ್ತದೆ. ಬರಿಯ ಕೆಂಪುಕಲ್ಲಿನ ಗೋಡೆ ನೀಲಿಯನ್ನು ನುಂಗುತ್ತದೆ. ಅಲ್ಲಿ ನೀಲಿ ಸೀರೆ ಮಂಕಾಗುತ್ತದೆ, ಚೊಗರಿನ ಸೀರೆ ಚೆನ್ನಾಗಿ ಕಾಣುತ್ತದೆ. ಕಪ್ಪು ಬೆಳಕು ಎಂಬುದು ಇಲ್ಲವೇ ಇಲ್ಲ. ಕಪ್ಪು ಅಂಚು ಕಪ್ಪಾಗಿಯೇ ಕಾಣಬೇಕಾದರೆ ಗೋಡೆ ಕತ್ತಲಲ್ಲಿರಬೇಕು, ಸುತ್ತಲಿನ ದೀಪ ಆರಿಸಬೇಕು. ಪ್ರೊಜೆಕ್ಟರನ್ನು ಎರಡು ಪಟ್ಟು ದೂರ ಇಟ್ಟರೆ ಚಿತ್ರ ಎರಡು ಪಟ್ಟು ಅಗಲ, ಎರಡು ಪಟ್ಟು ಎತ್ತರ ಆಗುತ್ತದೆ. ಇದ್ದಷ್ಟೇ ಬೆಳಕು ನಾಲ್ಕು ಪಟ್ಟು ಜಾಗಕ್ಕೆ ಹಂಚಿಹೋಗುವುದರಿಂದ ಹೊಳಪು ಕಾಲು ಭಾಗಕ್ಕೆ ಇಳಿಯುತ್ತದೆ. ಹೊರಗಿನ ಗೋಡೆಗೆ ಚಿತ್ರ ಬಿಡುವುದು ನಮ್ಮ ಮಳೆಗಾಲದಲ್ಲಿ ಆಗದ ಕೆಲಸ. ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟ ಮೇಲಿನ ಒಣ ರಾತ್ರಿಗಳೇ ಸರಿ.

‘ಬಾಲ ಪ್ರಪಂಚ’ ಬರೆದು ಮಕ್ಕಳಿಗೆ ಲೋಕವನ್ನೇ ತೋರಿಸಿದ ಶಿವರಾಮ ಕಾರಂತರು ಬಹುಕಾಲ ಇದ್ದದ್ದು ಪುತ್ತೂರಿನ ಬಾಲವನದಲ್ಲಿ. ಮಾಡಿ ನೋಡಿ ಕಲಿಯುವ ದಾರಿ ನಮ್ಮ ಊರಿಗೆ ಹೊಸತಲ್ಲ. ಶಾಲಾ ವಾರ್ಷಿಕೋತ್ಸವದ ಸಂಜೆಗೆ ನೀವೂ ಬೆಳಕಿನ ಸೀರೆ ಮಾಡಬಹುದು. ಮನೆಯಲ್ಲಿ ಕೈಮಗ್ಗದ ಸೀರೆ ಇದ್ದರೆ ಕೇಳಿ ತನ್ನಿ. ಹಗಲು ಬೆಳಕಿನಲ್ಲಿ ಅಂಚನ್ನು ಹತ್ತಿರದಿಂದ ಫೋಟೋ ತೆಗೆಯಿರಿ. ಚೌಕುಳಿ ಹಾಳೆಯಲ್ಲಿ ಬುಟ್ಟಾ ಬಿಡಿಸಿ ಒಂದೊಂದೇ ಚೌಕಕ್ಕೆ ಬಣ್ಣ ತುಂಬಿ. ಟೀಚರ್ ಸಹಾಯದಿಂದ ಎರಡನ್ನೂ ಗೋಡೆಗೆ ಬಿಡಿ. ಪ್ರೊಜೆಕ್ಟರ್‌ನ ಕಣ್ಣಿಗೆ ಕಣ್ಣಿಟ್ಟು ಮಾತ್ರ ನೋಡಬೇಡಿ, ಕಣ್ಣಿಗೆ ಅಪಾಯ.

ಸಾಧ್ಯವಾದರೆ ಮಗ್ಗದಲ್ಲಿ ಕೂತು ನೇಯುವವರೊಬ್ಬರನ್ನು ಆ ಸಂಜೆಗೆ ಕರೆಯಿರಿ. ಬೆಳಕಿನ ಚಿತ್ರ ಊರಿನವರನ್ನೆಲ್ಲ ಒಂದೇ ಕಡೆ ನಿಲ್ಲಿಸಬಲ್ಲದು, ಆದರೆ ಒಂದು ಎಳೆಯನ್ನೂ ಅದು ನೇಯಲಾರದು. ನೇಯಲು ಕೈ ಬೇಕು, ವರ್ಷಗಟ್ಟಲೆ ಕಲಿತ ಲೆಕ್ಕ ಬೇಕು. ಅವರ ಒಪ್ಪಿಗೆ ಕೇಳಿ, ಗೋಡೆಯ ಮೇಲೆ ಎಲ್ಲಕ್ಕಿಂತ ಮೊದಲು ಅವರ ಹೆಸರು ಬರೆಯಿರಿ. ಸೀರೆಯ ಚಿತ್ರ ಆಮೇಲೆ ಬರಲಿ.