ಅಸ್ಥಿಮಜ್ಜೆ ದಾನ: ಹೆಸರು ಕೊಡುವ ಮುನ್ನ



ರಕ್ತದಾನ ಶಿಬಿರವೆಂದರೆ ನಮ್ಮ ಯುವಕರು ಸಾಲುಗಟ್ಟಿ ನಿಲ್ಲುತ್ತಾರೆ. ಅಸ್ಥಿಮಜ್ಜೆ ದಾನವೆಂದೊಡನೆ ಹಿಂಜರಿಯುತ್ತಾರೆ. ಬೆನ್ನುಮೂಳೆಗೆ ಸೂಜಿ ಚುಚ್ಚುತ್ತಾರೆಂಬ ಭಯ ಅವರಿಗೆ. ಆ ಭಯ ನಿರಾಧಾರವಾದುದು.

ರಕ್ತ ಕ್ಯಾನ್ಸರಿನ ಅನೇಕ ರೋಗಿಗಳಿಗೆ ಇನ್ನೊಬ್ಬರ ಆರೋಗ್ಯವಂತ ಕಾಂಡಕೋಶಗಳು ಬೇಕಾಗುತ್ತವೆ. ಇಲ್ಲಿ ರಕ್ತದ ಗುಂಪು ಮುಖ್ಯವಲ್ಲ, ಎಚ್.ಎಲ್.ಎ. ಎಂಬ ಅಂಗಾಂಶದ ಗುರುತು ಹೊಂದಬೇಕು. ಒಬ್ಬ ಸಹೋದರ ಅಥವಾ ಸಹೋದರಿಯೊಂದಿಗೆ ಅದು ಪೂರ್ಣವಾಗಿ ಹೊಂದುವ ಸಾಧ್ಯತೆ ಶೇ. 25 ಮಾತ್ರ. ಮನೆಯಲ್ಲಿ ಸಿಗದಿದ್ದರೆ ಅಪರಿಚಿತರನ್ನು ಹುಡುಕಬೇಕು.

ಬೆಂಗಳೂರಿನ ಡಿಕೆಎಂಎಸ್, ಚೆನ್ನೈಯ ದಾತ್ರಿಯಂತಹ ಸಂಸ್ಥೆಗಳು ದಾನಿಗಳ ಹೆಸರು ನೋಂದಾಯಿಸುತ್ತವೆ. ಕೆನ್ನೆಯ ಒಳಭಾಗವನ್ನು ಹತ್ತಿಕಡ್ಡಿಯಿಂದ ಒರೆಸಿ ಕೊಟ್ಟರೆ ಸಾಕು. ಮುಂದೆ ಯಾರಿಗಾದರೂ ಹೊಂದಿಕೆಯಾದರೆ, ಹೆಚ್ಚಾಗಿ ನಾಲ್ಕೈದು ದಿನ ಚುಚ್ಚುಮದ್ದು ಕೊಡುತ್ತಾರೆ. ಮೈಕೈ ನೋವು ಬರಬಹುದು. ನಂತರ ಒಂದು ತೋಳಿನಿಂದ ರಕ್ತ ತೆಗೆದು, ಯಂತ್ರದಲ್ಲಿ ಕಾಂಡಕೋಶ ಬೇರ್ಪಡಿಸಿ, ಉಳಿದ ರಕ್ತವನ್ನು ಇನ್ನೊಂದು ತೋಳಿಗೆ ಮರಳಿಸುತ್ತಾರೆ. ಕೆಲವು ಗಂಟೆಗಳ ಕೆಲಸ. ಕೊಟ್ಟದ್ದನ್ನು ದೇಹವೇ ಕೆಲವು ವಾರಗಳಲ್ಲಿ ತುಂಬಿಕೊಳ್ಳುತ್ತದೆ.

ಆದರೆ ಒಂದು ವಿಷಯ ನೆನಪಿಡಿ. ಕಸಿಗೆ ಮೊದಲು ತೀವ್ರ ಔಷಧಿಗಳಿಂದ ರೋಗಿಯ ಸ್ವಂತ ಮಜ್ಜೆಯನ್ನು ನಾಶಗೊಳಿಸುತ್ತಾರೆ. ಆಗ ದಾನಿ ಹಿಂದೆ ಸರಿದರೆ ರೋಗಿಯ ಪ್ರಾಣಕ್ಕೇ ಅಪಾಯ. ಮನೆಯವರ ಒಪ್ಪಿಗೆ ಇಲ್ಲವೆಂದು ಆ ಹೊತ್ತಿನಲ್ಲಿ ಹೇಳುವಂತಾಗಬಾರದು. ಆದ್ದರಿಂದ ಇಂದೇ ಮನೆಗೆ ಹೋಗಿ ತಂದೆ-ತಾಯಿಯೊಂದಿಗೆ, ಮಡದಿ ಅಥವಾ ಪತಿಯೊಂದಿಗೆ ಮಾತನಾಡಿ. ಅವರ ಸಂಶಯಗಳನ್ನು ವೈದ್ಯರಲ್ಲಿ ಕೇಳಿ ಪರಿಹರಿಸಿಕೊಳ್ಳಿ. ಆಮೇಲೆ ದೃಢ ಮನಸ್ಸಿನಿಂದ ನಿಮ್ಮ ಹೆಸರು ಕೊಡಿ.