ಮಳೆ ಚಾಕಣದಲ್ಲಿ, ನೀರು ನಮ್ಮೂರಲ್ಲಿ

ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಚಾಕಣದಲ್ಲಿ ಸುರಿಯೋ ಮಳೆ ಎಲ್ಲಿಗೆ ಹೋಗುತ್ತೆ?

ಎಂಐಡಿಸಿ ರಸ್ತೆ ಮೇಲೇ ನಿಲ್ಲುತ್ತೆ ಅಂತ ನೀವು ನಗಬಹುದು. ಅದೂ ನಿಜವೇ. ಉಳಿದ ನೀರು ಭಾಮಾ, ಇಂದ್ರಾಯಣಿ ನದಿಗಳ ಮೂಲಕ ಭೀಮೆ ಸೇರುತ್ತೆ. ಭೀಮೆ ಉಜನಿ ಅಣೆಕಟ್ಟು, ಪಂಢರಪುರ ದಾಟಿ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಬರುತ್ತೆ. ನಮ್ಮೂರು ಇರೋದು ಅಫಜಲಪುರ ತಾಲ್ಲೂಕಿನಲ್ಲಿ, ಅದೇ ನದಿಯ ದಂಡೆಯಲ್ಲಿ.

2019ರ ಆಗಸ್ಟ್. ಇಲ್ಲಿ ಬಿಡದೆ ಮಳೆ. ಊರಿಗೆ ಫೋನ್ ಮಾಡಿದೆ. "ಮಳಿ ಎಲ್ಲಿ ಅದ ಯಪ್ಪಾ, ಬಿಸಲು ಬಿದ್ದದ" ಅಂದಳು ಅವ್ವ. ನಾನೂ ನಿಶ್ಚಿಂತೆಯಿಂದ ಫೋನ್ ಇಟ್ಟೆ. ಆಮೇಲೆ ಉಜನಿ, ವೀರ ಅಣೆಕಟ್ಟುಗಳಿಂದ ನೀರು ಬಿಟ್ಟರು. ನಮ್ಮ ಪಂಪ್‌ಸೆಟ್ ದಂಡೆ ಮೇಲೇ ಇತ್ತು. ಮೋಟಾರ್ ತರೋಕೆ ಅಪ್ಪ ರಾತ್ರಿ ನೀರಿಗಿಳಿದರು. ಮೋಟಾರ್ ಸಿಗಲಿಲ್ಲ. ಎದೆಮಟ್ಟದ ನೀರಲ್ಲಿ ಅಪ್ಪ ಹೇಗೋ ವಾಪಸ್ ಬಂದರು. ನನಗೆ ಇದು ಗೊತ್ತಾಗಿದ್ದು ನಾಲ್ಕು ದಿನ ಬಿಟ್ಟು.

ಆ ರಾತ್ರಿ ನಾನು ಆನ್-ಕಾಲ್ ಡ್ಯೂಟಿಯಲ್ಲಿದ್ದೆ. ಸರ್ವರ್ ಡಿಸ್ಕ್ 80 ಪರ್ಸೆಂಟ್ ತುಂಬಿದರೆ ನನಗೆ ಫೋನ್ ಬರುತ್ತೆ, ಮೇಲ್ ಬರುತ್ತೆ. ಉಜನಿ ತುಂಬಿದರೆ ತಿಳಿಸೋಕೆ ನಾನು ಏನೂ ಇಟ್ಟುಕೊಂಡಿರಲಿಲ್ಲ.

ಈಗ ದಾರಿಗಳಿವೆ. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಫೋನುಗಳೆಲ್ಲ ಒಮ್ಮೆಲೇ ಕಿರುಚಿದ್ದು ನೆನಪಿರಬಹುದು. ಅದು ಸೆಲ್ ಬ್ರಾಡ್‌ಕಾಸ್ಟ್ ಪರೀಕ್ಷೆ. ಆ ಸಂದೇಶ ನಿಮ್ಮ ನಂಬರ್ ನೋಡಲ್ಲ. ಫೋನ್ ಯಾವ ಟವರ್ ಕೆಳಗಿದೆಯೋ ಅಲ್ಲಿನ ಎಚ್ಚರಿಕೆ ಮಾತ್ರ ಕೊಡುತ್ತೆ. ಅಂದರೆ ಚಾಕಣದಲ್ಲಿ ಕೂತವರಿಗೆ ಚಾಕಣದ್ದೇ ಬರುತ್ತೆ, ಊರಿಂದು ಬರಲ್ಲ.

ಅದಕ್ಕೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 'ಸಚೇತ್' ಆ್ಯಪ್ ಇದೆ. ಅದರಲ್ಲಿ ಬೇಕಾದ ಜಿಲ್ಲೆ ಆರಿಸಿಕೊಳ್ಳಬಹುದು. ನೀವಿರೋ ಜಿಲ್ಲೆ, ಊರಿನ ಜಿಲ್ಲೆ, ನದಿ ಹರಿದು ಬರೋ ಮೇಲಿನ ಜಿಲ್ಲೆ, ಹೀಗೆ ಮೂರನ್ನೂ ಇಟ್ಟುಕೊಳ್ಳಿ. ನನಗೆ ಪುಣೆ, ಸೊಲ್ಲಾಪುರ, ಕಲಬುರಗಿ. ಚಿಕ್ಕೋಡಿ ಕಡೆಯವರಾದರೆ ಸಾತಾರಾ, ಕೊಲ್ಹಾಪುರ ಬೇಕೇ ಬೇಕು, ಕೊಯ್ನಾ ನೀರು ಕೃಷ್ಣೆಗೇ ಬರೋದು.

ಹವಾಮಾನ ಇಲಾಖೆಯ ಬಣ್ಣಗಳೂ ಗೊತ್ತಿರಲಿ. ಹಳದಿ ಅಂದರೆ ಗಮನ ಇಡಿ, ಕಿತ್ತಳೆ ಅಂದರೆ ಸಿದ್ಧರಾಗಿ, ಕೆಂಪು ಅಂದರೆ ತಕ್ಷಣ ಕ್ರಮ ಕೈಗೊಳ್ಳಿ. 24 ಗಂಟೆಯಲ್ಲಿ 204.4 ಮಿ.ಮೀ. ಮೀರಿದರೆ ಅದು ಅತ್ಯಂತ ಭಾರಿ ಮಳೆ. ಆದರೆ ಮಳೆಯ ಎಚ್ಚರಿಕೆ ಬೇರೆ, ನದಿಯ ಎಚ್ಚರಿಕೆ ಬೇರೆ. ನದಿ ಮಟ್ಟಕ್ಕೆ ಕೇಂದ್ರ ಜಲ ಆಯೋಗದ 'ಫ್ಲಡ್‌ವಾಚ್ ಇಂಡಿಯಾ' ನೋಡಿ. ಅಣೆಕಟ್ಟಿನಿಂದ 1 ಲಕ್ಷ ಕ್ಯುಸೆಕ್ ಬಿಟ್ಟರು ಅಂದರೆ ಸೆಕೆಂಡಿಗೆ ಸುಮಾರು 28 ಲಕ್ಷ ಲೀಟರ್ ನೀರು. ಅದು ಊರು ಮುಟ್ಟೋಕೆ ಸಮಯ ಹಿಡಿಯುತ್ತೆ. ಆ ಸಮಯವೇ ನಮ್ಮ ಕೈಲಿರೋದು. ಮೇಲ್ ಒಂದನ್ನೇ ನಂಬಬೇಡಿ, ನಾವು ಮೇಲ್ ಓದೋದು ಬೆಳಿಗ್ಗೆ, ನೀರು ರಾತ್ರಿಯೂ ಬರುತ್ತೆ.

ಕೊನೆಯ ಕೆಲಸ ಯಾವ ಆ್ಯಪೂ ಮಾಡಲ್ಲ. "ಆರೆಂಜ್ ಅಲರ್ಟ್ ಬಂದದ" ಅಂದರೆ ಅವ್ವನಿಗೆ ಏನೂ ತಿಳಿಯಲ್ಲ. "ನಾಳಿ ಸಂಜಿಯೊಳಗ ಮೋಟಾರ್ ತಗಸಲಿಕ್ಕ ಅಪ್ಪಗ ಹೇಳು, ದನಾ ಮ್ಯಾಲಿನ ಹೊಲಕ್ಕ ಕಟ್ಟರಿ" ಅಂದರೆ ಕೆಲಸ ಆಗುತ್ತೆ. ಅವ್ವ ಫೋನ್ ಎತ್ತದಿದ್ದರೆ ಯಾರಿಗೆ ಮಾಡಬೇಕು? ಪಕ್ಕದ ಮನೆಯವರ ನಂಬರ್ ಈಗಲೇ ಸೇವ್ ಮಾಡಿಕೊಳ್ಳಿ. ಆಫೀಸಲ್ಲಿ ಎಸ್ಕಲೇಶನ್ ಲಿಸ್ಟ್ ಇಟ್ಟಿರೋರು ನಾವು, ಮನೆಗೂ ಒಂದು ಇರಲಿ.

ವಿಡಿಯೋ ಮುಗೀತು. ಮೂರು ಜಿಲ್ಲೆ ಹಾಕಿಕೊಂಡು ಊರಿಗೊಂದು ಫೋನ್ ಮಾಡಿ.